ನೀಲಿ ದಾರ

ಮೊದಲು ಕಂಡಾಗ ಸೀರೆಯ ನೂಲು ಅಂದುಕೊಂಡಳು ಕಮಲಾಕ್ಷಮ್ಮ. ಬಚ್ಚಲಲ್ಲಿ ತೊಳೆದುಕೊಳ್ಳುವಾಗ ಬೆರಳಿಗೆ ಸಿಕ್ಕಿತು, ಬಿರುಸಾದ ನೀಲಿ ಎಳೆ. ಎಳೆದಳು. ಬರಲಿಲ್ಲ. ಮತ್ತೆ ಎಳೆದಾಗ ಒಳಗಿನಿಂದ ಯಾರೋ ವಾಪಸು ಜಗ್ಗಿದಂತಾಯಿತು. ಉಟ್ಟಿದ್ದು ಕೆಂಪು ಸೀರೆ.

ಹೋದ ವರ್ಷ ತುಮಕೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಗಿತ್ತು. ಅದಕ್ಕೂ ಮುಂಚೆ ವರ್ಷಗಟ್ಟಲೆ, ಕಕ್ಕಸಿನಲ್ಲಿ ತಿಣುಕಿದಾಗಲೆಲ್ಲ ಕರುಳಿನ ತುದಿ ಹೊರಗೆ ಜಾರುತ್ತಿತ್ತು. ಕೈಯಿಂದಲೇ ಒಳಗೆ ತಳ್ಳಬೇಕು. ಪೂಜೆಯಲ್ಲಿ ಇಷ್ಟಲಿಂಗ ಕೂರುವುದು ಎಡಗೈಯಲ್ಲಿ. ಆ ಕೈ ಕೆಡಬಾರದೆಂದು ಬಲಗೈಯಲ್ಲಿ ತಳ್ಳಲು ಕಲಿತಳು. ಉಣ್ಣುವಾಗ ಬಲಗೈಯನ್ನು ನೋಡುತ್ತಿರಲಿಲ್ಲ. ಗಂಡ ನಾಗಲಿಂಗಯ್ಯ ಕೊಡಿಗೇನಹಳ್ಳಿಯ ಸುತ್ತಮುತ್ತ ಗೃಹಪ್ರವೇಶ, ಮದುವೆ ಮಾಡಿಸುವ ಅಯ್ಯನೋರು. ಮನೆಯಲ್ಲಿ ಮಡಿ ಅಂದರೆ ಮಡಿ.

ಈಗ ಮತ್ತೆ ಅದೇ ಆಸ್ಪತ್ರೆ. ಡಾಕ್ಟರ್ ಲೋಹಿತಾ ಪರೀಕ್ಷೆ ಮುಗಿಸಿ ಗ್ಲೌಸ್ ಬಿಚ್ಚಿದರು.

"ಕರುಳು ಜಾರದ ಹಾಗೆ ಎತ್ತಿ ಕಟ್ಟಿದ್ದ ಜಾಲರಿ, ಮೆಶ್, ಕರುಳನ್ನೇ ಕೊರೆದು ಒಳಗೆ ಬಂದಿದೆ. ನಿಮ್ಮ ಕೈಗೆ ಸಿಕ್ಕ ನೀಲಿ ಎಳೆ ಅದರದ್ದೇ. ಪ್ಲಾಸ್ಟಿಕ್ ಮೆಶ್ ಕೆಲವರಿಗೆ ಹೀಗೆ ಮಾಡುತ್ತೆ. ಅದಕ್ಕೇ ಇನ್ನೊಂದು ಇದೆ ಅಂತ ಹೋದ ಸಲ ನಿಮ್ಮ ಯಜಮಾನರಿಗೆ ಹೇಳಿದ್ದೆ, ಹಂದಿ ಚರ್ಮ ಶುದ್ಧಮಾಡಿ ತಯಾರಿಸೋದು. ಅದು ಕೊರೆಯೋದು ಕಮ್ಮಿ, ಆದರೆ ಸಡಿಲವಾಗಿ ಮತ್ತೆ ಜಾರಬಹುದು. ನೀವು ಬೇಡ ಅಂದ್ರಂತಲ್ಲ."

"ನಾನಾ?"

ಪಕ್ಕದ ಕುರ್ಚಿಯಲ್ಲಿದ್ದ ನಾಗಲಿಂಗಯ್ಯ ಶಲ್ಯ ಸರಿಮಾಡಿಕೊಂಡ. "ಆವತ್ತು ನೀನು ಒಳಗೆ ಬಟ್ಟೆ ಬದಲಾಯಿಸ್ತಿದ್ದೆ ಕಣೆ. ಅದ್ರಲ್ಲೇನು ಕೇಳೋದು? ಲಿಂಗ ಕಟ್ಟಿದ ಮೈಯೊಳಗೆ ಹಂದಿ ಚರ್ಮ ಹೊಲಿಸ್ತಾರೇನು?"

"ಅಮ್ಮನ್ನೇ ಕೇಳಬೇಕಿತ್ತು ನಾನು," ಅಂದರು ಡಾಕ್ಟರ್, ಮೇಜಿಗೆ ಹೇಳುವಂತೆ.

"ಹೋಗ್ಲಿ ಬುಡಿ, ಈಗ ಅದನ್ನೇ ಹಾಕ್ಬುಡಿ," ಅಂದಳು ಕಮಲಾಕ್ಷಮ್ಮ.

"ಈಗ ಆಗಲ್ಲಮ್ಮ. ಕೀವಾಗಿದೆ. ಯಾವುದನ್ನೂ ಹಾಕೋ ಹಾಗಿಲ್ಲ. ಇರೋದನ್ನ ಬಿಡಿಸಿ ತೆಗೀಬೇಕು. ಹೊಟ್ಟೆ ಮೇಲೆ ದಾರಿ ಮಾಡಿ, ಮಲಕ್ಕೆ ಚೀಲ ಅಂಟಿಸ್ತೀವಿ. ಮುಂದೆ ಆ ದಾರಿ ಮುಚ್ಚೋಕೆ ಆಗಬಹುದು, ಆಗದೇನೂ ಇರಬಹುದು."

"ಚೀಲ ಗೀಲ ಬ್ಯಾಡ," ನಾಗಲಿಂಗಯ್ಯ ಎದ್ದೇಬಿಟ್ಟ. "ಲಿಂಗದ ಕೆಳಗೆ ಅದಾ? ಮಾತ್ರೆ ಕೊಡಿ, ಊರಿಗೆ ಹೋಗ್ತೀವಿ."

ಡಾಕ್ಟರ್ ಅವನತ್ತ ತಿರುಗಲಿಲ್ಲ. "ನೀವು ಹೇಳಿ ಅಮ್ಮ."

"ತೆಗೀದಿದ್ರೆ?"

"ಕೀವು ರಕ್ತಕ್ಕೆ ಇಳಿಯುತ್ತೆ."

ಕಮಲಾಕ್ಷಮ್ಮ ತನ್ನ ಬಲಗೈಯನ್ನು ನೋಡಿಕೊಂಡಳು. "ತೆಗೀರಿ," ಅಂದಳು.

ವಾರ್ಡಿನಲ್ಲಿ ನರ್ಸ್ ಮಹಜಬೀನ್ ಅವಳನ್ನು ಕೂರಿಸಿ, ಬಗ್ಗಿಸಿ, ನಿಲ್ಲಿಸಿ, ಸೀರೆ ಕಟ್ಟುವ ಜಾಗ ಬಿಟ್ಟು ಹೊಟ್ಟೆಯ ಮೇಲೆ ಪೆನ್ನಿನಿಂದ ಗುರುತು ಹಾಕಿದಳು. ಚೀಲ ಕೂರುವ ಜಾಗ. ಬಗ್ಗಿದಾಗ ಕೊರಳಿನ ಲಿಂಗದ ಕರಡಿಗೆ ತೂಗಿ ಸರಿಯಾಗಿ ಅದರ ಮೇಲೇ ಬಂತು.

"ಹಂದಿದು ಅಂದ್ರೆ ಶಿರಾದ ನಮ್ಮೋರೂ ಬ್ಯಾಡ ಅಂತಾರೆ ಅಜ್ಜಿ," ಅಂದಳು ಮಹಜಬೀನ್ ಕೇಸ್ ಹಾಳೆ ಓದುತ್ತ. "ಅದ್ರಲ್ಲಿ ನೀವೂ ನಾವೂ ಒಂದೇ."

"ನಿಮ್ಮೋರು ಹೆಂಗಸ್ರನ್ನ ಕೇಳ್ತಾರೇನಮ್ಮ?"

"ಅದ್ರಲ್ಲೂ ಒಂದೇ ಬುಡಿ."

ಕಮಲಾಕ್ಷಮ್ಮ ನಕ್ಕಳು. ನಕ್ಕದ್ದಕ್ಕೆ ಒಳಗೆ ಹರಿದಂತೆ ನೋವಾಗಿ, ಮಂಚದ ಕಂಬಿ ಹಿಡಿದುಕೊಂಡಳು.

ಬೆಳಿಗ್ಗೆ ಸ್ಟ್ರೆಚರ್ ಬಂತು. ಕೊರಳಲ್ಲೇನೂ ಇರಬಾರದು ಅಂದಳು ಮಹಜಬೀನ್, ಲಿಂಗವನ್ನು ತೋಳಿಗೆ ಕಟ್ಟಿಕೊಳ್ಳಬಹುದು. ಹೋದ ಸಲ ಕಟ್ಟಿದ್ದು ನಾಗಲಿಂಗಯ್ಯ, ಮಂತ್ರ ಹೇಳುತ್ತ. ಈಗಲೂ ಸ್ನಾನ ಮಾಡಿ, ವಿಭೂತಿ ಬಳಿದುಕೊಂಡು ಬಂದು ಕೈ ಚಾಚಿದ.

"ಕೊಡು."

ಅವಳು ಕೊಡಲಿಲ್ಲ. "ಹಂದಿ ಚರ್ಮ ಇಟ್ಟಿದ್ರೆ ಲಿಂಗ ನನ್ನ ಬುಟ್ಟೋಗ್ತಿತ್ತಾ?"

"ನಿನ್ನ ಒಳ್ಳೇದಕ್ಕೇ ಕಣೆ..."

"ಕೇಳಿದ್ರೆ ನಾನೂ ಬ್ಯಾಡ ಅಂತಿದ್ನೇನೋ." ಲಿಂಗ ಕಟ್ಟಿದ್ದ ಶಿವದಾರವನ್ನು ಕೊರಳಿನಿಂದ ತೆಗೆದಳು. "ನೀವು ಕೇಳ್ಲಿಲ್ಲ."

"ತಡ ಆಗುತ್ತೆ, ಕೊಡು."

ಎಡತೋಳಿಗೆ ದಾರ ಸುತ್ತಿದಳು. ಒಂದು ತುದಿ ಬಲಗೈಯಲ್ಲಿ, ಇನ್ನೊಂದು ತುದಿ ಹಲ್ಲಿನಲ್ಲಿ. ಗಂಟು ಜಾರಿತು. ಮತ್ತೆ ಹಾಕಿದಳು. ಅವನ ಕೈ ಅಲ್ಲೇ ಇತ್ತು, ಚಾಚಿದ ಹಾಗೇ. ದಾರ ತೋಳಿನ ಮಾಂಸಕ್ಕೆ ಇಳಿಯುವವರೆಗೂ ಹಲ್ಲು ಕಚ್ಚಿ ಎಳೆದಳು.