ಹೊಲದ ತೆನಿ, ಸೆರಗಿನ ತೆನಿ

ಕಣ್ಣಿಗೆ ಬಿದ್ದದ್ದೆಲ್ಲ ಕೇಕಿನ ಹಾಗೆ ಕಾಣುವ ರೋಗವೊಂದು ಕುಷ್ಟಗಿಯ ಲಲಿತಾಳಿಗೆ ಹತ್ತಿತ್ತು. ಗಂಡ ಗಾಳೇಶ ಉಣ್ಣಲು ಕೂತು ರೊಟ್ಟಿಗೆ ಕೈ ಹಾಕಿದರೆ ಸಾಕು, "ತಡೀರಿ, ಮುರೀಬ್ಯಾಡ್ರಿ" ಎಂದು ಒಳಗಿನಿಂದ ಓಡಿ ಬರುವಳು. ರೊಟ್ಟಿಯ ಮೇಲೆ ಸುಟ್ಟ ಕಲೆಗಳು ಛಂದ ಕೂತಿವೆಯಂತೆ, ಫೋಟೊ ಬೇಕಂತೆ. ಅತ್ತೆ ಮಾರೆವ್ವ ಕೌದಿ ಹೊಲಿಯಲು ಹಳೆಯ ಸೀರೆಯ ತುಂಡುಗಳನ್ನು ಹರವಿಕೊಂಡರೆ ಅಲ್ಲಿಯೂ ಈಕೆ ಹಾಜರು. ಹಳದಿಯ ಪಕ್ಕಕ್ಕೆ ನೇರಳೆ ಇಟ್ಟು, ತೆಗೆದು, ಮತ್ತೆ ಇಟ್ಟು, ಮುದುಕಿಗೆ ಸೂಜಿಗೆ ದಾರ ಪೋಣಿಸಲೂ ಬಿಡುತ್ತಿರಲಿಲ್ಲ. ಬಳೆಗಾರ ಬಂದರೆ ಬಳೆ ಇಡಿಸಿಕೊಳ್ಳುವುದು ಬಿಟ್ಟು ಬಣ್ಣದ ಸಾಲು ನೋಡುತ್ತ ನಿಲ್ಲುವಳು. ಅವನು ಪಾಪ, ಈ ಮನೆಯಲ್ಲಿ ವ್ಯಾಪಾರವಿಲ್ಲವೆಂದು ತಿಳಿದು ಮುಂದಿನ ಮನೆಗೆ ಹೋಗುವನು.

ನೋಡಿದ್ದನ್ನೆಲ್ಲ ಕೇಕಿನ ಮೇಲೆ ಇಳಿಸಬೇಕೆಂಬುದು ಅವಳ ಹಟ. ಅಂಗಡಿಯ ಗುಲಾಬಿ ಹೂವಿನ ಕೇಕು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ನಮ್ಮ ಸೀಮೆಯಲ್ಲಿ ನೋಡಲು ಬೇರೇನೂ ಇಲ್ಲವೇ, ಕಂಡವರ ಹುಟ್ಟುಹಬ್ಬಕ್ಕೆಲ್ಲ ಅದೇ ಗುಲಾಬಿ ಏಕೆ ಎಂದು ವಾದ. ವಾದವೇನೋ ಸರಿ, ಕೈ ಮಾತ್ರ ಇನ್ನೂ ಪಳಗಿರಲಿಲ್ಲ.

ಮನೆಯ ಹೊರಗೆ ಹೋದ ಮೊದಲ ಕೇಕು ನೆರೆಮನೆಯ ಇಮಾಮಬಾನುವಿನ ಮೊಮ್ಮಗನ ಹುಟ್ಟುಹಬ್ಬದ್ದು. ಕಿನ್ನಾಳದ ಮರದ ಗಿಳಿ ಗೊಂಬೆಯೊಂದನ್ನು ಎದುರಿಗಿಟ್ಟುಕೊಂಡು ಹಚ್ಚ ಹಸಿರು ಗಿಳಿ ಮಾಡಿದಳು. ಕೊಕ್ಕು ಸ್ವಲ್ಪ ಉದ್ದವಾಯಿತು, ಕಣ್ಣು ಸ್ವಲ್ಪ ಹೊರಗೆ ಬಂದವು. ಮಗು ಡಬ್ಬಿಯ ಮುಚ್ಚಳ ತೆಗೆದದ್ದೇ ಕಿಟಾರನೆ ಕಿರುಚಿ ಅಜ್ಜಿಯ ಬೆನ್ನ ಹಿಂದೆ ಅಡಗಿತು. "ತಪ್ಪ ತಿಳ್ಕೋಬ್ಯಾಡವಾ, ಹುಡುಗ ಭಾಳ ಅಂಜ್ಯಾನ" ಎಂದು ಇಮಾಮಬಾನು ಸಂಕೋಚದಿಂದ ಗಿಳಿಯನ್ನು ತಿರುಗಿ ತಂದುಕೊಟ್ಟಳು. ಅದು ಈ ಮನೆಯವರ ಹೊಟ್ಟೆಯನ್ನೇ ಸೇರಬೇಕಾಯಿತು. ಗಾಳೇಶ ಲೈನ್‌ಮನ್. ಹಸಿರು ನಾಲಿಗೆ ಹೊತ್ತುಕೊಂಡು ಕಂಬ ಹತ್ತಿದವನು ಬಾಯಿ ತೆರೆದಾಗ, ಕೆಳಗಿದ್ದವರು ಕರೆಂಟು ಹೊಡೆಯಿತೆಂದೇ ಗಾಬರಿಬಿದ್ದರು.

ಮಾರೆವ್ವನಿಗೆ ಮೊದಲೇ ಸಿಟ್ಟಿತ್ತು. ಅವಳ ಹಿಟ್ಟಿನ ಡಬ್ಬಿ ಕೂರುತ್ತಿದ್ದ ಕಟ್ಟೆಯ ಮೇಲೆ ಈಗ ಸೊಸೆಯ ಓವನ್ ಕೂತಿತ್ತು, ಹಿಟ್ಟಿನ ಡಬ್ಬಿ ನೆಲಕ್ಕೆ ಇಳಿದಿತ್ತು.

"ನೋಡ್ ಲಲಿತಾ, ಇನ್ನೊಂದ ಸಲ ಕೇಕ ತಿರುಗಿ ಮನಿಗಿ ಬಂತಂದ್ರ ನಿನ್ನ ಈ ಓವನ್ ಡಬ್ಬಿ ಅಟ್ಟ ಏರ್ತೈತಿ. ಮತ್ತ ಕೆಳಗ ಇಳಿಯಂಗಿಲ್ಲ" ಎಂದಳು.

ಮಾರೆವ್ವ ಆಡಿದ ಮಾತು ಮೀರುವವಳಲ್ಲ, ಬೇರೆಯವರಿಗೆ ಮೀರಗೊಡುವವಳೂ ಅಲ್ಲ. ಲಲಿತಾಳ ಟೇಲರಿಂಗ್ ಹುಚ್ಚು, ಮೇಣಬತ್ತಿಯ ಹುಚ್ಚು ಆಗಲೇ ಅಟ್ಟ ಸೇರಿದ್ದವು. ಅವಕ್ಕೆ ಅವಳು ಅತ್ತಿರಲಿಲ್ಲ. ಈ ಓವನ್ ಹೋದರೆ ಮಾತ್ರ ತಾಳಲಾರೆನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಂಥ ಹೊತ್ತಿನಲ್ಲಿ ಯಲಬುರ್ಗಾದಿಂದ ದ್ರಾಕ್ಷಾಯಿಣಿ ಅಕ್ಕೋರ ಫೋನು ಬಂತು. ಆಕೆ ಸಾಲಿಯ ಟೀಚರು, ಮಾತು ಚಾಕ್‌ಪೀಸಿನಷ್ಟೇ ಚೊಕ್ಕ. ಬಸುರಿ ಮಗಳು ರಂಜಿತಾಳಿಗೆ ಕುಬಸ, ಅಂದರೆ ಸೀಮಂತ, ಇತ್ತು.

"ನಿನ್ನ ಹೆಸರು ಕೇಳೀನಿ. ಕುಬಸಕ್ಕೊಂದು ಕೇಕ ಬೇಕವಾ. ಹೂವು ಗೀವು ಬ್ಯಾಡ, ತೆನಿ ಇರ್ಲಿ. ನಮ್ಮ ರಂಜಿತಾಗ ತೆನಿ ಅಂದ್ರ ಜೀವ. ಸೀರಿ ಹಸರೈತಿ, ಅದಕ್ಕ ಹೊಂದೂ ಹಂಗ ಮಾಡು."

"ಆತ್ರಿ ಅಕ್ಕೋರ, ತೆನಿನ ಮಾಡ್ತೀನ್ರಿ" ಎಂದು ಲಲಿತಾ ಫೋನಿಟ್ಟು ಅಡುಗೆಮನೆಯಲ್ಲೇ ಒಂದು ಸುತ್ತು ತಿರುಗಿದಳು. ಎಂಥ ಮಾತು ಅಂದರು ಅಕ್ಕೋರು. ಹೊಲದಲ್ಲಿ ಹಿಂಗಾರಿ ಜೋಳ ತೆನೆ ಬಿಡುವ ಕಾಲ. ಆ ವಾರದಲ್ಲೇ ಎಳ್ಳಮವಾಸ್ಯೆ. ಬಸುರಿ ಭೂಮಿತಾಯಿಗೆ ಬಯಕೆಯ ಊಟ ಎಂದು ಊರವರೆಲ್ಲ ಹೊಲಕ್ಕೆ ಹೋಗಿ ಅಡುಗೆಯ ಎಡೆಯನ್ನು ಚರಗವೆಂದು ಪೈರಿಗೆ ಚೆಲ್ಲುವ ಹಬ್ಬ. ಕುಬಸದ ಮನೆಗೆ ತೆನೆಗಿಂತ ಒಪ್ಪುವುದು ಇನ್ನೇನಿದೆ?

ಅಮವಾಸ್ಯೆಯ ದಿನ ಎಲ್ಲರೂ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗೆ ಎಂದು ಉಣ್ಣುತ್ತಿದ್ದರೆ ಲಲಿತಾ ಒಂದು ತೆನೆಗೆ ಮೂಗು ತಾಗಿಸಿ ನಿಂತಿದ್ದಳು. ಕಾಳು ಕಾಳಿನ ಸಂದಿಯಲ್ಲಿ ಹಸಿರು ಎಲ್ಲಿ ಮುಗಿಯುತ್ತದೆ, ಬಿಳಿ ಎಲ್ಲಿ ಸುರುವಾಗುತ್ತದೆ ಎಂದು ಅವಳ ಸಂಶೋಧನೆ.

"ಗುಬ್ಬಿ ಓಡ್ಸಾಕ ನಿಂತಿಯೋ, ನೀನ ಗುಬ್ಬಿ ಆಗಾಕ ನಿಂತಿಯೋ?" ಎಂದು ಮಾರೆವ್ವ ಕೂಗಿದಳು.

ಲಲಿತಾಳಿಗೆ ಕೇಳಿಸಲಿಲ್ಲ. ಉಪಾಯ ಹೊಳೆದಿತ್ತು. ಕುಬಸದ ಹಿಂದಿನ ದಿನ ಜೋಳ ಹುರಿದು ಅರಳು ಮಾಡಿದಳು. ಅಡುಗೆಮನೆಯೆಲ್ಲ ಪಟಪಟ ಸದ್ದು. ಮೈದಾ ಜೊತೆಗೆ ಜೋಳದ ಹಿಟ್ಟು, ಸಕ್ಕರೆಯ ಬದಲು ಬೆಲ್ಲ ಹಾಕಿ ಕೇಕು ಬೇಯಿಸಿದಳು. ಉದ್ದನೆಯ ಬಿಸ್ಕತ್ತಿಗೆ ಬೆಲ್ಲದ ಪಾಕ ಸವರಿ ಅರಳನ್ನು ಒಂದೊಂದಾಗಿ ಅಂಟಿಸಿದಳು. ಕೆಳಗೆ ಹಸಿರು ಕ್ರೀಮಿನ ಗರಿ. ಮುಗಿಸಿ ಎದ್ದು ನೋಡಿದರೆ ಕೇಕಿನ ಮೇಲೆ ಜೋಳದ ಹೊಲವೇ ನಿಂತಿತ್ತು. ಮಾರೆವ್ವ ಸುಮ್ಮನೆ ಒಮ್ಮೆ ಹಣಿಕಿ ಹಾಕಿ ಹೋದಳು. ಮಾರೆವ್ವ ಬೈಯದೆ ಹೋದಳೆಂದರೆ ಅದೇ ದೊಡ್ಡದು.

ಮರುದಿನ ಲಲಿತಾ ಇಳಕಲ್ ಸೀರೆ ಉಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಗಾಳೇಶನ ಬೈಕಿನ ಹಿಂದೆ ಕೂತಳು. ಯಲಬುರ್ಗಾ ಮುಟ್ಟುವ ತನಕ "ಸಾವಕಾಶ್ರಿ, ಹಂಪ್ ಐತ್ರಿ" ಎಂದು ಜಪ ಮಾಡಿದಳು. ಎತ್ತಿನ ಬಂಡಿಯೊಂದು ಇವರನ್ನು ಹಿಂದೆ ಹಾಕಿ ಹೋಗುವುದೊಂದು ಬಾಕಿ ಇತ್ತು. ಮನೆಯ ಮುಂದೆ ಇಳಿದಾಗ ಒಂದು ಅರಳೂ ಉದುರಿರಲಿಲ್ಲ. ಗಾಳೇಶ ಹೊರಗೇ ನಿಂತ, ಲಲಿತಾ ಒಳಗೆ ಹೋದಳು.

ಪಡಸಾಲೆಯ ತುಂಬ ಹೆಂಗಸರು. ನಡುವೆ ಮಣೆಯ ಮೇಲೆ ಹಸಿರು ಸೀರೆಯುಟ್ಟ ರಂಜಿತಾ. ಮುಖ ಬಾಡಿತ್ತು. ಪಕ್ಕದಲ್ಲಿ ಅವಳ ಅಜ್ಜಿ ಯಂಕವ್ವ. ದ್ರಾಕ್ಷಾಯಿಣಿ ಅಕ್ಕೋರು ಮುಂದೆ ಬಂದು ಮುಚ್ಚಳ ತೆಗೆದರು.

"ಇದೇನವಾ?"

"ತೆನಿ ರೀ ಅಕ್ಕೋರ."

"ನಾ ಹೇಳಿದ್ದು ಸೆರಗಿನ ತೆನಿ. ನೀ ಹೊಲದ ತೆನಿ ತಂದೀಯಲ್ಲ."

ಲಲಿತಾ ರಂಜಿತಾಳ ಸೆರಗು ನೋಡಿದಳು. ಇಳಕಲ್ ಸೀರೆಯ ಕೆಂಪು ಸೆರಗು, ಅದರ ಮೇಲೆ ಹಣಿಗೆಯ ಹಲ್ಲಿನ ಹಾಗೆ ಎದ್ದು ನಿಂತ ಬಿಳಿಯ ಸಾಲು. ಅದಕ್ಕೂ ತೆನಿ ಅಂತಲೇ ಹೆಸರು. ಈ ಸೀಮೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಆಮೇಲೆ ಲಲಿತಾ ತನ್ನ ಹೆಗಲು ನೋಡಿಕೊಂಡಳು. ಅಲ್ಲಿಯೂ ಅದೇ ತೆನಿ. ರೊಟ್ಟಿ, ಬಳೆ, ಕೌದಿಯ ತುಂಡು ಎಲ್ಲ ಕಂಡ ಮಹಾರಾಯಿತಿಗೆ ತಾನು ಹೊದ್ದ ಸೆರಗೇ ಕಂಡಿರಲಿಲ್ಲ.

"ಕೇಕಿನಾಗ ಕಳೆ ತಗ್ಯಾಕ ಆಳು ಹಚ್ಚಬೇಕೇನ್ ಮತ್ತ?" ಎಂದು ಹಿಂದಿನಿಂದ ಯಾರೋ ಅಂದರು. ಪಡಸಾಲೆಯೆಲ್ಲ ನಕ್ಕಿತು.

"ನಗೂದಲ್ಲ. ಬಂದವರ ಮುಂದ ಇದನ್ನ ಹೆಂಗ ಇಡ್ಲಿ? ತಗೊಂಡ ಹೋಗವಾ, ಸಿಟ್ಟ ಆಗಬ್ಯಾಡ" ಎಂದು ಅಕ್ಕೋರು ಮುಚ್ಚಳ ಹಾಕಲು ಹೋದರು.

ಅಟ್ಟದ ಏಣಿ, ಹೊಲಿಗೆ ಯಂತ್ರ, ಅದರ ಪಕ್ಕಕ್ಕೆ ಖಾಲಿ ಇರುವ ಜಾಗ, ಎಲ್ಲ ಲಲಿತಾಳ ಕಣ್ಣ ಮುಂದೆ ಬಂದವು. ಆದರೆ ಬಾಯಿ ಇದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಎನ್ನುವುದು ಸುಳ್ಳಲ್ಲ. ಅವಳು ಮುಚ್ಚಳದ ಕೆಳಗೆ ಕೈಯಿಟ್ಟಳು.

"ಅಕ್ಕೋರ, ತಪ್ಪು ನಂದ. ಆದ್ರ ಒಂದ ಮಾತು. ಸೆರಗಿನ ಮ್ಯಾಲಿನದಕ್ಕ ತೆನಿ ಅಂತ ಹೆಸರ ಯಾಕ ಬಂತ್ರಿ? ಹೊಲದ ತೆನಿ ಇದ್ದದ್ದಕ್ಕಲ್ಲೇನ್ರಿ? ಸೀರಿ ನೋಡಿ ಮಾಡಿದ್ರ ನಕಲ ಆಗ್ತಿತ್ರಿ. ನಾ ಅಸಲ ತಂದೀನಿ."

ಅಷ್ಟಕ್ಕೇ ಬಿಡದೆ, ನಡುವೆ ನಿಂತಿದ್ದ ಎಲ್ಲಕ್ಕಿಂತ ಛಂದದ ತೆನೆಯನ್ನು ಲಟಕ್ಕನೆ ಮುರಿದಳು. ಅದನ್ನು ಅಂಟಿಸಲು ಅವಳ ಬೆನ್ನು ಬಿದ್ದುಹೋಗಿತ್ತು. ಮುರಿದು ರಂಜಿತಾಳ ಮುಂದೆ ಹಿಡಿದಳು.

"ನೀವ ಹೇಳ್ರಿ. ಬಾಯಾಗ ಹಾಕ್ಕೊಂಡು ಬ್ಯಾಡ ಅಂದ್ರ ಈಗ ಹೊತ್ಗೊಂಡ ಹೋಗ್ತೀನ್ರಿ."

ಬೆಳಗಿನಿಂದ ಒಂದು ತುತ್ತೂ ಒಲ್ಲದ ರಂಜಿತಾ ತೆನೆಯನ್ನು ಮೂಸಿದಳು. ಹುರಿದ ಜೋಳದ ವಾಸನೆ, ಬೆಲ್ಲದ ವಾಸನೆ. ಕಚ್ಚಿದಳು. ಅರಳು ಕರಂ ಎಂದಿತು. ಪಡಸಾಲೆಯ ಅಷ್ಟೂ ಹೆಂಗಸರು ಅವಳ ದವಡೆಯನ್ನೇ ನೋಡುತ್ತ ಕೂತರು.

"ಯವ್ವಾ" ಎಂದಳು ರಂಜಿತಾ ತಾಯಿಗೆ, "ಇನ್ನೊಂದ ಕೊಡು."

"ಆರತಿ ಆಗಿಲ್ಲ, ಏನಿಲ್ಲ, ಈಗ್ಲೇ ಎಂಜಲ ಮಾಡಿದೆಲ್ಲ" ಎಂದರು ಅಕ್ಕೋರು.

ಯಂಕವ್ವ ಕೈಯೆತ್ತಿದಳು. "ಸುಮ್ಮನಿರ ದ್ರಾಕ್ಷಾಯಿಣಿ. ಮೊನ್ನಿ ಹೊಲಕ್ಕ ಹೋಗಿ ಭೂಮ್ತಾಯಿಗಿ ಉಣಿಸಿ ಬಂದೀವಿ. ಇವತ್ತ ಆಕಿನ ತೆನಿ ಕಳಿಸ್ಯಾಳ ಅನ್ಕೋ. ಬಸರಿ ಬೇಡಿದ್ದು ಇಲ್ಲ ಅಂತಾರೇನು? ಮುಚ್ಚಳ ತಗಿ."

ಮುಚ್ಚಳ ತೆರೆಯಿತು. ಎಂಜಲಾದ ಕೇಕನ್ನು ತಿರುಗಿ ಕಳಿಸುವಂತೆಯೂ ಇರಲಿಲ್ಲ. ಕಳೆ ತೆಗೆಯಲು ಆಳು ಕೇಳಿದ್ದವಳೇ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿದು ಬಂದಳು. ಕೊನೆಗೆ ಅಕ್ಕೋರು ತಾವೂ ಒಂದು ಚೂರು ಬಾಯಿಗೆ ಹಾಕಿಕೊಂಡು, "ಇನ್ನೊಮ್ಮಿ ಹೇಳೂವಾಗ ನಾನೂ ಬಿಡಿಸಿ ಹೇಳ್ತೀನಿ" ಎಂದರು. ಟೀಚರ ಬಾಯಿಂದ ಅಷ್ಟು ಬಂದದ್ದು ಹೆಚ್ಚಾಯಿತು.

ಸಂಜೆ ಬೈಕು ಕುಷ್ಟಗಿಗೆ ಹಾರಿ ಬಂತು. ಲಲಿತಾ ಹಂಪಿನ ಮಾತೇ ಎತ್ತಲಿಲ್ಲ. ಡಬ್ಬಿ ಹಿಡಿದು ಹೊಸ್ತಿಲು ದಾಟುವಾಗ ಮಾತ್ರ ಅವಳ ಕಾಲು ಅಲ್ಲೇ ನಿಂತುಬಿಟ್ಟವು. ಹೊರಡುವಾಗ ಯಂಕವ್ವ, "ಖಾಲಿ ಡಬ್ಬಿ ಕಳಿಸಬಾರ್ದವಾ, ನಿಮ್ಮತ್ತಿಗಿ ಕೊಡು" ಎಂದು ಒಂದು ತುಂಡನ್ನು ತೆನೆಯ ಸಮೇತ ಒಳಗಿಟ್ಟಿದ್ದಳು. ಖುಷಿಯಲ್ಲಿ ಲಲಿತಾ ಬೇಡ ಎಂದಿರಲಿಲ್ಲ. ಕೇಕು ತಿರುಗಿ ಮನೆಗೆ ಬಂದಿತ್ತು.

ಮಾರೆವ್ವ ಕೌದಿ ಬದಿಗಿಟ್ಟು ಡಬ್ಬಿ ಇಸಿದುಕೊಂಡು ತೆರೆದಳು.

"ತಿರುಗಿ ಬಂತಲ್ಲ."

"ಅತ್ತಿ, ಅದು ನಿಮಗಂತ ಆ ಅಮ್ಮ..."

"ಬಂತೋ ಇಲ್ಲೋ, ಅಷ್ಟ ಹೇಳು."

"ಬಂತ್ರಿ" ಎಂದಳು ಲಲಿತಾ. ಕಣ್ಣು ತುಂಬಿದವು. ಗಾಳೇಶ ತಲೆ ತಗ್ಗಿಸಿ ಏಣಿ ಎಲ್ಲಿದೆಯೆಂದು ಹುಡುಕತೊಡಗಿದ.

ಮಾರೆವ್ವ ಗೋಡೆಗೆ ಒರಗಿ ಕೂತಳು. ಕೇಕನ್ನು ಒಂದೊಂದೇ ತುತ್ತು ಮಾಡಿ, ಅವಸರವಿಲ್ಲದೆ ತಿಂದಳು. ತೆನೆಯನ್ನು ಬುಡದ ತನಕ ಕಚ್ಚಿದಳು. ಮಡಿಲಿಗೆ ಬಿದ್ದ ಅರಳನ್ನೂ ಬಿಡದೆ ಆರಿಸಿ ಬಾಯಿಗೆ ಹಾಕಿಕೊಂಡಳು. ಬೆರಳು ಒರೆಸಿಕೊಂಡು ಖಾಲಿ ಡಬ್ಬಿಯನ್ನು ಮಗನ ಮುಂದೆ ಹಿಡಿದಳು.

"ನೋಡಪಾ, ಇದರಾಗ ಕೇಕ ಐತೇನು?"

"ಇಲ್ಲ ಬೇ" ಎಂದ ಗಾಳೇಶ.

"ಮತ್ತ ತಿರುಗಿ ಬಂದದ್ದೆಲ್ಲಿ?" ಎಂದಳು ಮಾರೆವ್ವ. ಆಮೇಲೆ ಸೊಸೆಯ ಕಡೆ ತಿರುಗಿ, "ಬೆಲ್ಲ ಒಂಚೂರು ಹೆಚ್ಚಾಗೈತಿ. ಮುಂದಿನ ಸಲ ಕಡಿಮಿ ಹಾಕು" ಎಂದು ಕೌದಿ ಎಳೆದುಕೊಂಡಳು.