ಒಂದೇ ಸುತ್ತಿನ ಮನೆ

ನಾನು ಮದುವೆಯಾಗಿ ಬಂದ ಮನೆಗೆ ಊರಿನಲ್ಲಿರುವ ಹೆಸರು ‘ಒಂದೇ ಸುತ್ತಿನವರ ಮನೆ’. ಮದುವೆಗೆ ಮುಂಚೆ ಇದನ್ನು ಯಾರೂ ನನ್ನ ಕಿವಿಗೆ ಹಾಕಿರಲಿಲ್ಲ. ಬಂದ ಹೊಸದರಲ್ಲಿ ಅಂಚೆಯವನು ಬಾಗಿಲಲ್ಲಿ ನಿಂತು, “ಒಂದೇ ಸುತ್ತಿನವರ ಸೊಸೆ ನೀವೇನಾ?” ಎಂದು ಕೇಳಿದ. ನಾನು ತಬ್ಬಿಬ್ಬಾಗಿ ಅತ್ತೆಯ ಮುಖ ನೋಡಿದೆ. ಅತ್ತೆ ಒಲೆ ಆರಿಸಿ, ಕುರ್ಚಿ ಎಳೆದುಕೊಂಡು ಕೂತರು. ಅವರು ಹಾಗೆ ಕೂತರೆಂದರೆ ವಿಷಯ ದೊಡ್ಡದು. ಮಾವ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದರು.

ನಮ್ಮ ರೇಸ್ ಮೈದಾನದಲ್ಲಿ ಎಲ್ಲ ಓಟಗಳೂ ಒಂದು ಸುತ್ತಿಗೆ ಮುಗಿಯುತ್ತವೆ. ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಓಟ ಮಾತ್ರ ಎರಡು ಸುತ್ತು. ಹಿಂದೆ ಇಬ್ಬರು ಸಾಹುಕಾರರು ಊಟಕ್ಕೆ ಕೂತಾಗ ಜಗಳಕ್ಕೆ ಬಿದ್ದರಂತೆ. ತನ್ನ ಕುದುರೆಗೆ ವೇಗ ಇದೆ ಎಂದು ಒಬ್ಬ, ವೇಗ ಯಾರಿಗೆ ಬೇಕು, ದಮ್ಮು ಬೇಕು ಎಂದು ಇನ್ನೊಬ್ಬ. ಹಾಗಾದರೆ ಎರಡು ಸುತ್ತು ಓಡಿಸಿಯೇ ನೋಡೋಣ ಎಂದಾಯಿತು. ಓಡಿಸಿದರು. ಗೆದ್ದದ್ದು ಜಗಳ ಬಿಡಿಸಲು ಬಂದವನ ಕುದುರೆ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುವುದು ಅಲ್ಲಿ ಅಕ್ಷರಶಃ ನಿಜವಾಯಿತು. ಅಂದಿನಿಂದ ಆ ಓಟಕ್ಕೊಂದು ಬೆಳ್ಳಿಯ ಬಟ್ಟಲು, ಗೆದ್ದವರ ಹೆಸರು ಕ್ಲಬ್ಬಿನ ಗೋಡೆಯ ಮೇಲೆ ಚಿನ್ನದ ಬಣ್ಣದಲ್ಲಿ.

ನನ್ನ ಮಾವನ ಅಪ್ಪ ಹೆಸರುವಾಸಿ ಜಾಕಿ. ಒಂದು ವರ್ಷ ದೊಡ್ಡ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದರು. ಗೆಲುವಿನ ಕಂಬ ದಾಟಿದರು, ಕುದುರೆ ನಿಲ್ಲಿಸಿದರು, ಟೋಪಿ ತೆಗೆದು ಜನರಿಗೆ ಕೈ ಬೀಸಿದರು. ಇನ್ನೊಂದು ಸುತ್ತು ಬಾಕಿ ಇತ್ತು. ಉಳಿದ ಕುದುರೆಗಳು ಪಕ್ಕದಲ್ಲೇ ಹಾದು ಹೋದಾಗ, ಇವರಿಗೆಲ್ಲ ಏನು ಅವಸರ ಎಂದು ಅವರು ಅಚ್ಚರಿಪಟ್ಟರಂತೆ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಕೇಳಿದ್ದೆ, ಕುಲಾವಿ ಹಾಕಿ ಊರಿಗೆಲ್ಲ ತೋರಿಸಿದವರು ಇವರೊಬ್ಬರೇ. ಆ ವರ್ಷ ಗೆದ್ದವನು ಯಾರೆಂದು ಇಂದು ಯಾರಿಗೂ ನೆನಪಿಲ್ಲ, ಗೋಡೆಯ ಮೇಲೆ ಹೆಸರು ಹೊಳೆಯುತ್ತಿದ್ದರೂ. ಸೋತವರ ಮನೆಗೆ ಮಾತ್ರ ಹೆಸರು ಗಟ್ಟಿಯಾಯಿತು.

ಮತ್ತೆ ಹೀಗಾಗದಿರಲಿ ಎಂದು ಕ್ಲಬ್ಬಿನವರು ಕಂಬದ ಪಕ್ಕ ಒಂದು ಕಂಚಿನ ಗಂಟೆ ಕಟ್ಟಿಸಿದರು. ಮೊದಲ ಸುತ್ತು ಮುಗಿಯುವಾಗ ಅದನ್ನು ಬಾರಿಸಬೇಕು: ಇನ್ನೊಂದು ಇದೆ, ಓಡಿ. ಬಾರಿಸುವ ಕೆಲಸವನ್ನು ಅದೇ ಮನೆಯವರಿಗೆ ಒಪ್ಪಿಸಿದರು. ಅದು ಮರ್ಯಾದೆಯೋ ಗಾಯದ ಮೇಲೆ ಬರೆಯೋ, ಇವತ್ತಿಗೂ ತೀರ್ಮಾನವಾಗಿಲ್ಲ. ಅಜ್ಜನ ನಂತರ ಮಾವ ಬಾರಿಸುತ್ತ ಬಂದರು. ಒಂದು ವರ್ಷವೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದು ಹೋಗಿ ಬಾರಿಸಿದ್ದಾರೆ. ಗಂಟೆಯ ಮೇಲೆ ಜನರಿಗೆ ಎಷ್ಟು ನಂಬಿಕೆ ಬಂತೆಂದರೆ ಜಾಕಿಗಳು ಸುತ್ತು ನೆನಪಿಟ್ಟುಕೊಳ್ಳುವುದನ್ನೇ ಬಿಟ್ಟರು.

ನನ್ನ ಗಂಡನಿಗೆ ಕುದುರೆ ಕಂಡರೆ ಸೀನು. ಜಾಕಿಯಾದವಳು ನಾದಿನಿ. ಮೂಳೆ ಚಕ್ಕಳದ ಹುಡುಗಿ, ಆದರೆ ಹಟದಲ್ಲಿ ಯಾರಿಗೂ ಕಮ್ಮಿಯಿಲ್ಲ. ಈ ವರ್ಷ ದೊಡ್ಡ ಓಟದಲ್ಲಿ ಅವಳಿಗೊಂದು ಕುದುರೆ ಸಿಕ್ಕಿತು. ಬೇರೆಯವರು ಬೇಡ ಎಂದು ಬಿಟ್ಟಿದ್ದ ಕಂದು ಕುದುರೆ.

“ಗೆದ್ದರೆ ಆ ಹೆಸರು ಇವತ್ತಿಗೆ ಮುಗೀತು ಅತ್ತಿಗೆ,” ಎಂದಳು, ಬೂಟು ಏರಿಸುತ್ತ. “ಅಪ್ಪ ಒಂದು ಸಲ ಬೀದೀಲಿ ತಲೆ ಎತ್ಕೊಂಡು ನಡೀಬೇಕು. ಅಷ್ಟೇ ನನಗೆ ಬೇಕಾಗಿರೋದು.”

“ಸುತ್ತು ಎಣಿಸ್ಕೊಳೇ.”

“ಎರಡರವರೆಗೆ ನನಗೂ ಬರತ್ತೆ!”

ಓಟ ಶುರುವಾಯಿತು. ನಾನು ಮೈದಾನದ ಅಂಚಿನ ಕಟಕಟೆಗೆ ಒರಗಿ ನಿಂತಿದ್ದೆ, ಮಾವ ನನ್ನ ಮುಂದೆಯೇ ಗಂಟೆಯ ಹಗ್ಗ ಹಿಡಿದು ನಿಂತಿದ್ದರು. ದೂರದ ತಿರುವಿನಲ್ಲಿ ಕಂದು ಕುದುರೆ ಗುಂಪಿನಿಂದ ಹೊರಗೆ ಬಂತು. ನೋಡನೋಡುತ್ತ ಎರಡನೆಯದಾಯಿತು. ನೇರ ದಾರಿಗೆ ಬರುವಾಗ ಅದರ ಮುಂದೆ ಯಾರೂ ಇರಲಿಲ್ಲ. ಮಾವನ ಬಾಯಿ ತೆರೆಯಿತು. ಮಗಳು ಎಲ್ಲರಿಗಿಂತ ಮುಂದೆ ಗೆಲುವಿನ ಕಂಬ ದಾಟಿದಳು.

“ಗೆದ್ಲು! ನನ್ನ ಮಗಳು ಗೆದ್ಲು!”

ಮಾವ ಹಗ್ಗ ಬಿಟ್ಟು ಟೋಪಿ ಮೇಲಕ್ಕೆಸೆದರು. ಎರಡೂ ಕೈ ಎತ್ತಿ ಕುಣಿದರು. ಆ ವಯಸ್ಸಿನಲ್ಲಿ ಆ ಸೊಂಟ ಹಾಗೆ ಬಳುಕುತ್ತದೆ ಎಂದು ಅತ್ತೆಗೂ ಗೊತ್ತಿರಲಿಲ್ಲ. ನಾನು “ಮಾವ, ಗಂಟೆ! ಗಂಟೆ!” ಎಂದು ಕಿರುಚಿದೆ. ಅವರು ನನ್ನ ಕೈ ಹಿಡಿದು ನನ್ನನ್ನೂ ಕುಣಿಸಲು ನೋಡಿದರು.

ಹಿಂದೆ ಬರುತ್ತಿದ್ದ ಜಾಕಿಗಳಿಗೆ ಗಂಟೆ ಕೇಳಲಿಲ್ಲ, ಬಾರಿಸುವವರ ಕುಣಿತ ಮಾತ್ರ ಕಂಡಿತು. ಓಹೋ, ಮುಗಿಯಿತು, ನಾವೇ ತಪ್ಪು ಲೆಕ್ಕ ಹಾಕಿದೆವು ಎಂದುಕೊಂಡರು. ಮೊದಲನೆಯವನು ಲಗಾಮು ಎಳೆದ, ಅವನನ್ನು ನೋಡಿ ಉಳಿದವರೂ ಎಳೆದರು. ಒಬ್ಬ ಆಗಲೇ ಕೆಳಗಿಳಿದು ಕುದುರೆಯ ಬೆನ್ನು ತಟ್ಟುತ್ತಿದ್ದ. ಜನ ಬೊಬ್ಬೆ ಹೊಡೆದು ಅವರನ್ನು ಮತ್ತೆ ಹತ್ತಿಸಿ ಓಡಿಸುವಷ್ಟರಲ್ಲಿ ನನ್ನ ನಾದಿನಿ ಮೈದಾನದ ಆಚೆ ಬದಿಯಲ್ಲಿ ಒಬ್ಬಳೇ ಹೋಗುತ್ತಿದ್ದಳು. ಒಬ್ಬಳೇ ಬಂದಳು, ಒಬ್ಬಳೇ ಗೆದ್ದಳು.

ಅಷ್ಟರಲ್ಲಿ ಮಾವನಿಗೆ ತಾವು ಮಾಡಿದ್ದು ಅರ್ಥವಾಗಿತ್ತು. ಗಂಟೆಯ ಪಕ್ಕ ನೆಲದ ಮೇಲೆ ಕುಸಿದು ಕೂತಿದ್ದರು.

ವಿಚಾರಣೆ ಕ್ಲಬ್ಬಿನ ಕೋಣೆಯಲ್ಲಿ, ಚಿನ್ನದ ಹೆಸರುಗಳ ಗೋಡೆಯ ಕೆಳಗೇ ನಡೆಯಿತು. ಎರಡನೆಯದಾಗಿ ಬಂದ ಕುದುರೆಯ ಮಾಲೀಕ ದಪ್ಪ ಮೀಸೆಯ ಮನುಷ್ಯ, ಮೇಜು ಗುದ್ದಿದ.

“ಅಪ್ಪ ಗಂಟೆ ಬಾರಿಸಲ್ಲ, ಮಗಳು ಮಾತ್ರ ನಿಲ್ಲಿಸಲ್ಲ. ಇದು ಮೊದಲೇ ಮಾತಾಡಿಕೊಂಡದ್ದು. ನಾವೇನು ಕಿವಿ ಮೇಲೆ ಹೂ ಇಟ್ಕೊಂಡಿದೀವಾ?”

ಮಾವ ಎದ್ದು ನಿಂತರು. “ಮರೆತೆ ಸ್ವಾಮಿ. ಮಗಳು ಮುಂದಿದ್ದಳು, ಮರೆತೆ.”

“ಇಷ್ಟು ವರ್ಷ ಮರೀದವರು ಇವತ್ತೇ ಮರೆತ್ರಾ?”

ಕ್ಲಬ್ಬಿನ ಅಧ್ಯಕ್ಷರು ಒಳ್ಳೆಯವರು, ಆದರೆ ಅವರ ಮುಖವೂ ಗಂಟಾಯಿತು. ನಿಯಮ ಓದಿದರು: ಸುತ್ತು ಎಣಿಸುವುದು ಜಾಕಿಯ ಜವಾಬ್ದಾರಿ, ಗಂಟೆ ಬರೀ ಅನುಕೂಲಕ್ಕೆ. ಗೆಲುವು ನಿಲ್ಲುತ್ತದೆ. ಆದರೆ ಮೋಸ ಎಂದಾದರೆ ಬಟ್ಟಲೂ ಹೋಗುತ್ತದೆ, ಈ ಮನೆಯವರು ಇನ್ನು ಮೈದಾನಕ್ಕೆ ಕಾಲಿಡುವಂತಿಲ್ಲ. ಅವರು ನಾದಿನಿಯ ಕಡೆ ತಿರುಗಿದರು.

“ಎಲ್ಲರೂ ನಿಂತರು. ನೀನು ಯಾಕಮ್ಮಾ ನಿಲ್ಲಲಿಲ್ಲ?”

ಸುತ್ತು ಎಣಿಸಿದ್ದೆ ಎಂದರೆ ಅವಳು ಊರಿಗೆಲ್ಲ ಜಾಣೆ. ಆದರೆ ಮೀಸೆಯವನ ಅನುಮಾನ ಹಾಗೇ ಉಳಿಯುತ್ತಿತ್ತು. ನಾದಿನಿ ಬೂಟು ನೋಡಿಕೊಂಡಳು. ಅವಳ ಕಿವಿ ಕೆಂಪಾಯಿತು.

“ನಾನೂ ನಿಲ್ಲಿಸ್ದೆ ಸಾರ್.”

“ಏನು?”

“ತಿರುಗಿ ಅಪ್ಪ ಕುಣಿಯೋದು ನೋಡ್ದೆ. ಮುಗೀತು, ಗೆದ್ದೆ ಅಂದ್ಕೊಂಡೆ. ಲಗಾಮು ಎಳೆದೆ. ಕುದುರೆ ನಿಲ್ಲಲಿಲ್ಲ. ಎಳೀತಾನೇ ಇದ್ದೆ, ಬೈದೆ, ಬೇಡ್ಕೊಂಡೆ. ಅದು ಕೇಳಲಿಲ್ಲ. ಇನ್ನೊಂದು ಸುತ್ತಿತ್ತು ಅಂತ ನನಗೆ ಗೊತ್ತಾಗಿದ್ದು ಆಚೆ ತಿರುವಲ್ಲಿ, ಜನ ಕೂಗಿದಾಗ.”

ಅವಳು ಕೈಗವಸು ಕಳಚಿ ಎರಡೂ ಅಂಗೈ ಮೇಜಿನ ಮೇಲೆ ಚಾಚಿದಳು. ಲಗಾಮು ಉಜ್ಜಿ ಚರ್ಮ ಕಿತ್ತು ಬಂದಿತ್ತು.

ಮೊದಲು ನಕ್ಕವರು ಅಧ್ಯಕ್ಷರು. ಆಮೇಲೆ ಎಲ್ಲರೂ. ಮೀಸೆಯವನು ತಡೆಯಲು ಬಹಳ ಪ್ರಯತ್ನಪಟ್ಟ, ಆದರೆ ಮೀಸೆಯೇ ಮೊದಲು ಅಲುಗಾಡಿತು. “ಅಜ್ಜ, ಮಗ, ಮೊಮ್ಮಗಳು!” ಎಂದು ಯಾರೋ ಹೊಟ್ಟೆ ಹಿಡಿದುಕೊಂಡರು. ಇಷ್ಟು ಪೆದ್ದುತನ ಇರುವ ಕಡೆ ಮೋಸಕ್ಕೆ ಜಾಗವಿಲ್ಲವೆಂದು ಎಲ್ಲರಿಗೂ ಒಪ್ಪಿಗೆಯಾಯಿತು. ಬಟ್ಟಲು ಅವಳಿಗೇ ಕೊಟ್ಟರು. ಸಂಜೆಯೊಳಗೆ ಕಥೆ ಬೀದಿ ಬೀದಿ ತಿರುಗಿ, ನಾವು ಮನೆ ಸೇರುವ ಮುಂಚೆಯೇ ಮನೆಯ ಬಾಗಿಲಿಗೆ ಬಂದಿತ್ತು.

ಮನೆಯಲ್ಲಿ ಅತ್ತೆ ನಾದಿನಿಯ ಕೈಗೆ ಮುಲಾಮು ಹಚ್ಚುತ್ತಿದ್ದರು. ಬಾಗಿಲ ಬಳಿ ನಿಂತಿದ್ದ ಮಾವ ಹತ್ತಿರ ಬಂದರು.

“ಎಣಿಸಿದ್ದೆ ಅಂತ ಒಂದು ಮಾತು ಹೇಳಿದ್ರೆ ಆಗಿತ್ತಲ್ಲೇ. ಆ ಹೆಸರು ಹೋಗ್ತಿತ್ತು. ನೀನಾದ್ರೂ ತಲೆ ಎತ್ಕೊಂಡು ಓಡಾಡ್ತಿದ್ದೆ.”

“ಅಪ್ಪನ್ನ ಕಳ್ಳ ಮಾಡಿ ನಾನು ತಲೆ ಎತ್ಕೊಂಡು ಎಲ್ಲಿಗಪ್ಪಾ ಹೋಗ್ಲಿ?” ಎಂದಳು ನಾದಿನಿ.

ಮಾವ ಅತ್ತೆಯ ಕೈಯಿಂದ ಮುಲಾಮಿನ ಡಬ್ಬಿ ತೆಗೆದುಕೊಂಡು, ಮಗಳ ಎದುರು ಕೂತು, ಉಳಿದ ಇನ್ನೊಂದು ಅಂಗೈಗೆ ತಾವೇ ಹಚ್ಚಿದರು.