ಮೆಟ್ಟಿಲಿನ ತೂತಿನ ಲೆಕ್ಕ

“ತೂತಿಗೂ ದುಡ್ಡು ಕೊಡ್ಬೇಕೇನ್ರೋ ಬೋಳಿಮಕ್ಳಾ? ಅಲ್ಲೇನು ನಿಮ್ಮಪ್ಪ ಗಾಳಿಗೆ ಕಾಂಕ್ರೀಟ್ ಹಾಕಿದ್ನಾ?”

ಮನೆ ಕಟ್ಟಿಸುತ್ತಿದ್ದ ಯಜಮಾನ ಸೆಂಟ್ರಿಂಗ್ ಮೇಲೆ ನಿಂತು, ಮೆಟ್ಟಿಲಿಗೆಂದು ಬಿಟ್ಟ ಖಾಲಿ ಜಾಗದತ್ತ ಬೆರಳು ಮಾಡಿದ. ಚಾವಣಿ ಅರ್ಧ ತುಂಬಿತ್ತು. ಕೆಳಗೆ ಮಿಕ್ಸರ್ ಗಡಗಡ ತಿರುಗುತ್ತಿತ್ತು. ಬಾಂಡ್ಲಿ ಹೊತ್ತ ಹೆಂಗಸರ ಸಾಲು ಏರುಹಲಗೆಯ ಮೇಲೆ ಹಾಗೇ ನಿಂತಿತು. ಸಾಲಿನ ಮುಂದಿದ್ದವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ವಯಸ್ಸಿನಿಂದಲ್ಲ, ಬಾಯಿಯಿಂದ ಬಂದ ಹೆಸರು ಅದು.

ಕೂಲಿಗೆ ತೂತನ್ನೂ ಸೇರಿಸಿಯೇ ಚದರಡಿ ಅಳೆಯುವುದು ಮೊದಲಿನಿಂದ ನಡೆದುಬಂದ ರೂಢಿ. ಅದರ ಸುತ್ತ ಹಲಗೆ ಕಟ್ಟಿ, ಅಂಚು ಹಿಡಿಯುವುದು ಬಯಲಲ್ಲಿ ಸುರಿದಷ್ಟು ಸುಲಭವಲ್ಲ. ಬಾಂಡ್ಲಿ ಮುಟ್ಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಯಜಮಾನ ಮುಟ್ಟಿದ್ದು ಮೊಬೈಲನ್ನು ಮಾತ್ರ. ಮನೆಗೆ ಕಾಂಕ್ರೀಟ್ ಹಾಕಿಸಲು ಎಷ್ಟು ಖರ್ಚಾಗಬೇಕೆಂದು ಯಾರೋ ಬರೆದಿದ್ದನ್ನು ಅದರಲ್ಲಿ ಓದಿಕೊಂಡು ಬಂದಿದ್ದ. ತೂತಿನ ಅಳತೆ ಕಳೆಯಬೇಕು, ಉಳಿದದ್ದಕ್ಕೂ ಕೂಲಿ ಕಾಲುಭಾಗ ಇಳಿಯಬೇಕು ಎಂದ. ಕೆಲಸ ಗುತ್ತಿಗೆ ಹಿಡಿದಿದ್ದ ಮೇಸ್ತ್ರಿ ಸರಿಯೆಂದು ತಲೆಯಾಡಿಸಿದ. ಹತ್ತೊಂಬತ್ತು ಜನರ ಅನ್ನಕ್ಕೆ ಅಷ್ಟರಲ್ಲೇ ಕಲ್ಲು ಬಿತ್ತು.

“ಸಿಮೆಂಟ್ ಅಂಗಡಿಯವನ ಹತ್ರ ಹೀಗೇ ಮಾತಾಡಿದ್ರಾ ಯಜಮಾನ್ರೇ? ಕಂಬಿಯವನ ಹತ್ರ?” ಎಂದಳು ದೊಡ್ಡಕ್ಕ. “ಅವರು ಒಂದು ಪೈಸೆ ಬಿಡಲ್ಲ ಅಂತ ಗೊತ್ತಲ್ಲ. ನಿಮಗೆ ಕೊಯ್ಯೋಕೆ ಸಿಗೋದು ನಮ್ಮ ಕುತ್ತಿಗೇನೇ.”

“ಬಾಯಿ ಮುಚ್ಕೊಂಡು ಹೊರು, ಮುಂಡೆ. ಬೇಡಾಂದ್ರೆ ಬಿಟ್ಟು ಹೋಗು.”

ಅವಳ ಗಂಡ ಇಂಥದೇ ಇನ್ನೊಂದು ಮನೆಯ ಸೆಂಟ್ರಿಂಗಿನಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿ ಮೂರು ತಿಂಗಳಾಗಿತ್ತು. ಒಲೆ ಉರಿಯುತ್ತಿದ್ದುದು ಇವಳ ಕೂಲಿಯಿಂದ. ಆದರೂ ಮೈಯೆಲ್ಲ ಉರಿದುಹೋಯಿತು. ಕೆಳಗಿಳಿದು ಬಂದು, ಬಾಂಡ್ಲಿ ಬೋರಲು ಹಾಕಿ ಅದರ ಮೇಲೇ ಕೂತುಬಿಟ್ಟಳು. ಉಳಿದವರೂ ಕೂತರು. ಮಿಕ್ಸರಿನವನು ಯಂತ್ರ ನಿಲ್ಲಿಸಿದ.

ಲೆಕ್ಕ ಅವಳಿಗೆ ಬಾಯಿಪಾಠವಿತ್ತು. ಅರ್ಧ ಹಾಕಿದ ಕಾಂಕ್ರೀಟ್ ಯಾರಿಗೂ ಕಾಯುವುದಿಲ್ಲ. ಅಂಚು ಒಣಗಿದ ಮೇಲೆ ಹಾಕಿದ್ದು ಅದಕ್ಕೆ ಬೆಸೆಯದು. ಆಮೇಲೆ ಮನೆ ಇರುವಷ್ಟು ಕಾಲ ಆ ಗೆರೆಯಲ್ಲಿ ನೀರು ಸೋರುತ್ತದೆ. ಒಂದು ಗಂಟೆಯೊಳಗೆ ಯಜಮಾನ ಸೋಲಲೇಬೇಕು. ಮೇಸ್ತ್ರಿ ಗೋಗರೆದ, ಬೈದ, ಕಾಲಿಗೆ ಬೀಳುವುದೊಂದು ಬಾಕಿ. ಯಜಮಾನ ಮಾತ್ರ ಮೊಬೈಲು ಕಿವಿಗಿಟ್ಟುಕೊಂಡು ರಸ್ತೆಯ ನೆರಳಿಗೆ ಹೋದ.

“ಈಗ ಬರ್ತಾನೆ ನೋಡ್ರೇ, ಬಾಲ ಮುದುರ್ಕೊಂಡು,” ಎಂದು ದೊಡ್ಡಕ್ಕ ನಕ್ಕಳು. ಯಜಮಾನನೊಬ್ಬ ನಿಂತಿರುವಾಗ ತಾನು ಕೂತಿರುವುದು ಅವಳಿಗೆ ಬಹಳ ಹಿತವಾಗಿತ್ತು.

ಅರ್ಧ ಗಂಟೆಗೆ ಬಂದದ್ದು ಒಂದು ಟೆಂಪೊ. ಬೆಳಗಿನಿಂದ ಕೆಲಸ ಸಿಗದೆ ವೃತ್ತದಲ್ಲಿ ನಿಂತೇ ಇದ್ದವರು ಅದರಿಂದ ಧುಮುಕಿದರು. ಯಜಮಾನ ಇಳಿಸಿದ ಕೂಲಿಗಿಂತಲೂ ಕಡಿಮೆಗೆ ಒಪ್ಪಿ ಬಂದಿದ್ದರು. ಅರ್ಧ ಚಾವಣಿಗೆ ಅಳತೆಯೂ ಇಲ್ಲ, ಕೂಲಿಯೂ ಇಲ್ಲ ಎಂದು ಮೇಸ್ತ್ರಿ ಕೂತವರಿಗೆ ಹೇಳಿ ಮುಗಿಸಿದ. ಮಿಕ್ಸರ್ ಮತ್ತೆ ತಿರುಗಿತು.

ಹೊಸಬರ ನಡುವೆ ದೊಡ್ಡಕ್ಕನ ಒಡಹುಟ್ಟಿದ ತಂಗಿಯಿದ್ದಳು. ತಾಯಿ ಸತ್ತ ಮೇಲೆ ಇವಳೇ ಸಾಕಿದವಳು, ಇವಳೇ ಈ ಕೆಲಸಕ್ಕೆ ಹಚ್ಚಿದವಳು. ತುಂಬಿದ ಬಾಂಡ್ಲಿಯನ್ನು ಒಬ್ಬಳೇ ತಲೆಗೇರಿಸಿಕೊಳ್ಳಲಾಗದು, ಎದುರಿನಿಂದ ಇನ್ನೊಬ್ಬರು ಕೈಕೊಡಬೇಕು. ಅವಸರದಲ್ಲಿ ತಂಗಿಗೆ ಯಾರೂ ಸಿಗಲಿಲ್ಲ. ಬಾಂಡ್ಲಿಯ ಅಂಚು ಹಿಡಿದು, ಬಗ್ಗಿಕೊಂಡೇ ಅಕ್ಕನ ಮುಂದೆ ನಿಂತಳು.

“ಬೈಬೇಡ ಅಕ್ಕ. ನಾಲ್ಕು ದಿನದಿಂದ ಕೆಲಸಾನೇ ಸಿಕ್ಕಿಲ್ಲ.”

ದೊಡ್ಡಕ್ಕನಿಗೆ ಉಗಿಯಬೇಕೆನಿಸಿತು, ಬಾಂಡ್ಲಿ ಒದೆಯಬೇಕೆನಿಸಿತು. ಮೇಲಿನಿಂದ ಯಜಮಾನ ಬೇಗ ಬೇಗ ಎಂದು ಕೂಗುತ್ತಿದ್ದ. ಅವಳು ಎದ್ದು ಎದುರಿನ ಅಂಚು ಹಿಡಿದು, ತಂಗಿಯ ತಲೆಯ ಮೇಲೆ ಬಾಂಡ್ಲಿ ಇಟ್ಟಳು.

ತಂಗಿ ಏರುಹಲಗೆ ಹತ್ತಿದಳು. ಅಷ್ಟರಲ್ಲಿ ಇನ್ನೊಬ್ಬಳು ತುಂಬಿದ ಬಾಂಡ್ಲಿ ಎಳೆದು ತಂದು, ದೊಡ್ಡಕ್ಕನ ಮುಂದೆ ಬಗ್ಗಿ ನಿಂತಳು.